48 ಯೂನಿಟ್ ಅಂದರೆ ಯಾವ 48? ಮೇಘನಾಳಿಗೆ ಮಾವನ ಪತ್ರ

ಚಿ. ಮೇಘನಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ವಾಟ್ಸಾಪ್ ಮೆಸೇಜ್ ನೋಡಿದೆ. "ಮಾವ, 48 ಯೂನಿಟ್ ಮುಗೀತು, ಇನ್ನು 12 ಬಾಕಿ, ಡಿಸೆಂಬರ್‌ಗೆ ಎಲ್ಲಾ ಮುಗಿಸಿ ಆಮೇಲೆ ಫುಲ್ ಟೈಮ್ ಕೆಲಸಕ್ಕೆ ಸೇರ್ಕೋತೀನಿ" ಅಂತ ಬರೆದಿದ್ದೀಯ. ನಿನ್ನ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಿಂದ ಯುನಿವರ್ಸಿಟಿಯ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗಲು ಬೇಕಾದ ಕ್ರೆಡಿಟ್ ಯೂನಿಟ್‌ಗಳ ಲೆಕ್ಕ ತಾನೇ ಇದು? ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂತೀಯ, ಮರುದಿನ ಒಂದೂ ನೆನಪಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದು.

ನಿನಗೆ ಬಾಕಿ ಇರುವುದು 12 ಅಲ್ಲ, 42.

ಗಾಬರಿ ಬೇಡ, ಪೂರ್ತಿ ಕೇಳು. 60 ಅನ್ನುವ ಲೆಕ್ಕ ನಿನಗೆ ಹೇಳಿದ್ದು ಓಲೋನಿಯಲ್ಲಿ ಓದುವ ನಿನ್ನ ಫ್ರೆಂಡ್ ಅಲ್ವಾ? ಅವಳ ಕಾಲೇಜಿನಲ್ಲಿ ಸೆಮಿಸ್ಟರ್, ವರ್ಷಕ್ಕೆ ಎರಡು ಅವಧಿ. ನಿನ್ನ ಡಿ ಆಂಜಾ ಕಾಲೇಜಿನಲ್ಲಿ ಕ್ವಾರ್ಟರ್, ಫಾಲ್, ವಿಂಟರ್, ಸ್ಪ್ರಿಂಗ್ ಅಂತ ಮೂರು ಅವಧಿ. ಒಂದು ಕ್ವಾರ್ಟರ್ ಯೂನಿಟ್ ಅಂದರೆ ಸೆಮಿಸ್ಟರ್ ಯೂನಿಟ್‌ನ ಮೂರರಲ್ಲಿ ಎರಡು ಭಾಗ. ಯುಸಿಗೆ, ಅಂದರೆ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಜೂನಿಯರ್ (ಮೂರನೇ ವರ್ಷದ ವಿದ್ಯಾರ್ಥಿ) ಆಗಿ ಸೇರಲು 60 ಸೆಮಿಸ್ಟರ್ ಯೂನಿಟ್ ಬೇಕು, ನಿನ್ನ ಲೆಕ್ಕದಲ್ಲಿ ಅದು 90. ನಿನ್ನ 48ನ್ನು ಸೆಮಿಸ್ಟರ್‌ಗೆ ಇಳಿಸಿದರೆ 32 ಆಗುತ್ತೆ, ಅಷ್ಟೇ. ಡಿಗ್ರಿಗೂ ಹೀಗೇ. ಸಾಮಾನ್ಯವಾಗಿ 120 ಸೆಮಿಸ್ಟರ್ ಯೂನಿಟ್, ಕ್ವಾರ್ಟರ್‌ನಲ್ಲಿ 180. ಸ್ಯಾನ್ ಹೋಸೆ ಸ್ಟೇಟ್, ಯುಸಿಯ ಬರ್ಕ್ಲಿ ಇವೆಲ್ಲ ಸೆಮಿಸ್ಟರ್, ಯುಸಿಯದೇ ಡೇವಿಸ್ ಕ್ಯಾಂಪಸ್ ಕ್ವಾರ್ಟರ್. ಯಾರಾದರೂ ಯೂನಿಟ್ ಅಂತ ಬಾಯಿ ಬಿಟ್ಟರೆ ಮೊದಲು ಯಾವ ಯೂನಿಟ್ ಅಂತ ಕೇಳು.

42 ಅಂದರೆ ಫಾಲ್, ವಿಂಟರ್, ಸ್ಪ್ರಿಂಗ್ ಮೂರರಲ್ಲೂ 14ರಂತೆ ಬರುತ್ತೆ. ಆಗದ ಕೆಲಸವೇನಲ್ಲ. ಆದರೆ ಡಿಸೆಂಬರ್‌ನಲ್ಲಿ ಪುಸ್ತಕ ಮುಚ್ಚಿಡುವ ಪ್ಲಾನ್ ಬಿಟ್ಟುಬಿಡು.

ಈಗ ಆ 48ರ ಒಳಗೆ ಏನಿದೆ ನೋಡೋಣ. ನೀನು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಕೆಳಗಿನಿಂದ ಎರಡನೇ ಸಾಲು, ಆ ಆಫೀಸ್ ಸಾಫ್ಟ್‌ವೇರ್ ಕಲಿಸುವ 4 ಯೂನಿಟ್ ಕ್ಲಾಸು. ಅದರ ಕ್ಯಾಟಲಾಗ್ ವಿವರ ತೆಗೆದು ನೋಡು. ಟ್ರಾನ್ಸ್‌ಫರ್ ಅನ್ನುವ ಜಾಗದಲ್ಲಿ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ) ಅಂತ ಮಾತ್ರ ಇದೆ, ಯುಸಿ ಇಲ್ಲ. ಅಂದರೆ ಸ್ಯಾನ್ ಹೋಸೆ ಸ್ಟೇಟ್‌ನಂಥ ಕಡೆಗೆ ಹೋದರೆ ಆ 4 ಯೂನಿಟ್ ನಿನ್ನ ಜೊತೆ ಬರುತ್ತೆ. ಡೇವಿಸ್‌ಗೆ ಹೋದರೆ ಬರಲ್ಲ. ಯುಸಿ ಲೆಕ್ಕದಲ್ಲಿ ನಿನ್ನ ಹತ್ತಿರ ಇರುವುದು 44, ಬಾಕಿ 46.

ಈ 44 ಯಾಕೆ ತಲೆನೋವು ಅಂದರೆ, ನಿನಗೆ ಡೇವಿಸ್‌ನ ಟ್ಯಾಗ್ ಬೇಕು. ಟ್ಯಾಗ್ ಅಂದರೆ ಶರತ್ತು ಪೂರೈಸಿದರೆ ಸೀಟು ಖಚಿತ ಅನ್ನುವ ಒಪ್ಪಂದ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್ ಮಾತ್ರ ಅದನ್ನು ಕೊಡುತ್ತವೆ, ಮತ್ತು ನೀನು ಒಂದಕ್ಕೆ ಮಾತ್ರ ಹಾಕಬಹುದು. ಅದಕ್ಕೆ ಹಾಕುವವರು ಬೇಸಿಗೆ ಮುಗಿಯುವಷ್ಟರಲ್ಲಿ ಯುಸಿ ಒಪ್ಪುವ 45 ಕ್ವಾರ್ಟರ್ ಯೂನಿಟ್ ಮುಗಿಸಿರಬೇಕು. ನಿನ್ನದು ಒಂದು ಕಡಿಮೆ! ಇನ್ನೂ ಸಮ್ಮರ್ ಕ್ಲಾಸಿಗೆ ಸೇರಲು ಟೈಮಿದೆ, ಒಂದು ಕ್ಲಾಸು ತಗೋ, ಅದೂ ನಿನ್ನ ಮೇಜರ್‌ಗೆ, ಅಂದರೆ ಮುಖ್ಯ ವಿಷಯವಾದ ಎಕನಾಮಿಕ್ಸ್‌ಗೆ, ಬೇಕಾದದ್ದನ್ನೇ ತಗೋ. ಟ್ಯಾಗ್ ಅರ್ಜಿ ಸೆಪ್ಟೆಂಬರ್ 1ರಿಂದ 30ರ ತನಕ. ಯುಸಿಯ ಮುಖ್ಯ ಅರ್ಜಿ ಸಲ್ಲಿಸುವುದು ಅದಾದ ಮೇಲೆ, ನವೆಂಬರ್ ಕೊನೆಯೊಳಗೆ. ನಿನ್ನ ಮೇಜರ್‌ಗೆ ಈ ವರ್ಷ ಎಷ್ಟು ಜಿಪಿಎ ಕೇಳಿದ್ದಾರೆ ಅನ್ನುವುದನ್ನು ಈ ವರ್ಷದ ಪಟ್ಟಿಯಲ್ಲೇ ನೋಡಬೇಕು, ಸೀನಿಯರ್‌ಗಳ ಬಾಯಿಮಾತು ನಂಬಬೇಡ.

ನಾನು ಇಷ್ಟು ವರ್ಷ ಕಾಲೇಜಿನ ಕಚೇರಿಯಲ್ಲಿ ಕೂತು ಮಾಡುತ್ತಿರುವುದು ಇದೇ ಕೆಲಸ. ಬೇರೆ ಕಾಲೇಜುಗಳಿಂದ ಬಂದ ಟ್ರಾನ್ಸ್‌ಕ್ರಿಪ್ಟ್ ತೆಗೆದು, ಒಂದೊಂದು ಸಾಲಿಗೂ ಜಾಗ ಹುಡುಕುವುದು. ನಮ್ಮ ಸ್ಕ್ರೀನಿನಲ್ಲಿ ಜಾಗ ಇರುವುದು ಮೂರೇ. ಮೇಜರ್, ಜನರಲ್ ಎಜುಕೇಶನ್ (ಎಲ್ಲರೂ ಓದಬೇಕಾದ ಸಾಮಾನ್ಯ ವಿಷಯಗಳು), ಎಲೆಕ್ಟಿವ್ (ಇಷ್ಟಪಟ್ಟು ಆರಿಸಿಕೊಂಡದ್ದು). ಒಬ್ಬ ಹುಡುಗನ ಫೈಲ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತುಂಬಾ ಜಾಣ, ಒಳ್ಳೆ ಗ್ರೇಡು. ಕಂಪ್ಯೂಟರ್ ಸೈನ್ಸ್ ಬೇಕಂತೆ. ಫೋಟೋಗ್ರಫಿ, ಗಿಟಾರ್, ಎರಡು ಸೈಕಾಲಜಿ, ಸಿನಿಮಾ ಇತಿಹಾಸ, ಇನ್ನೂ ಏನೇನೋ. ಎಲ್ಲವೂ ಟ್ರಾನ್ಸ್‌ಫರ್ ಆಗುವ ಕ್ಲಾಸುಗಳೇ, ಒಂದನ್ನೂ ತಳ್ಳಿಹಾಕಲಿಲ್ಲ. ಆದರೆ ಎಲೆಕ್ಟಿವ್ ಕಾಲಂ ಉದ್ದಕ್ಕೆ ಬೆಳೆಯುತ್ತಾ ಹೋಯಿತು, ಮೇಜರ್ ಕಾಲಂನಲ್ಲಿ ಎರಡೇ ಸಾಲು. ಅವನು ಬಂದು "ಸರ್, ನನ್ನ ಯೂನಿಟ್ ಎಲ್ಲಾ ತಗೊಂಡಿದ್ದೀರಲ್ಲ, ಮತ್ಯಾಕೆ ಇನ್ನೂ ಮೂರು ವರ್ಷ?" ಅಂತ ಕೇಳಿದ. ಛತ್ರಕ್ಕೆ ಬಂದವರೆಲ್ಲ ಬೀಗರಾಗುವುದಿಲ್ಲ ಅಂತ ಅವನಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಗೊತ್ತಾಗಲಿಲ್ಲ. ಕ್ರೆಡಿಟ್ ಬಂತು, ಡಿಗ್ರಿಗೆ ಆಗಿಬರಲಿಲ್ಲ.

ಆದ್ದರಿಂದ ಕ್ಲಾಸಿಗೆ ಹೆಸರು ಹಚ್ಚುವ ಮೊದಲು ಒಂದೇ ಪ್ರಶ್ನೆ ಕೇಳಿಕೋ. ಇದು ಮೂರರಲ್ಲಿ ಯಾವ ಕಾಲಂನಲ್ಲಿ ಕೂರುತ್ತೆ? ಟ್ರಾನ್ಸ್‌ಫರ್ ಆಗುತ್ತಾ ಅಂತ ಮಾತ್ರ ಕೇಳಿ ಸುಮ್ನಾಗಬೇಡ.

ಉತ್ತರ ಸಿಗುವ ಜಾಗ ಅಸಿಸ್ಟ್ ಡಾಟ್ ಆರ್ಗ್. ನಿನ್ನ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್ ಮೂರೂ ಹಾಕಿದರೆ ಒಂದು ಪಟ್ಟಿ ತೆರೆಯುತ್ತೆ. ಒಂದು ಕಡೆ ಅವರಿಗೆ ಬೇಕಾದ ಕೋರ್ಸು, ಇನ್ನೊಂದು ಕಡೆ ನಿನ್ನ ಕಾಲೇಜಿನಲ್ಲಿ ಅದಕ್ಕೆ ಸಮನಾದದ್ದು. ಕೆಲವು ಕಡೆ ಸಮನಾದ ಕೋರ್ಸ್ ಇಲ್ಲ ಅಂತ ಬರೆದಿರುತ್ತೆ, ಅದನ್ನು ಹೋದ ಮೇಲೆ ಅಲ್ಲೇ ಓದಬೇಕು. ಡೇವಿಸ್‌ಗೆ ಒಂದು ಪಟ್ಟಿ, ಸ್ಯಾನ್ ಹೋಸೆ ಸ್ಟೇಟ್‌ಗೆ ಇನ್ನೊಂದು, ಎರಡನ್ನೂ ಪಿಡಿಎಫ್ ಮಾಡಿ ಇಟ್ಟುಕೋ, ಯಾಕಂದರೆ ಪ್ರತಿ ವರ್ಷ ಬದಲಾಗುತ್ತೆ ಮತ್ತು ನೀನು ಓದಿದ ವರ್ಷದ ಪಟ್ಟಿ ಕೈಯಲ್ಲಿದ್ದರೆ ವಾದ ಮಾಡಲು ಒಂದು ಆಧಾರ. ಎರಡು ಪಟ್ಟಿಯಲ್ಲೂ ಇರುವ ಕೋರ್ಸುಗಳನ್ನು ಮೊದಲು ಮುಗಿಸು.

ಕ್ಯಾಲ್ಕುಲಸ್ ವಿಷಯ ಬಂದಾಗ ಇನ್ನೂ ಹುಷಾರು. ನಿನ್ನ ಕಾಲೇಜಿನಲ್ಲಿ ಅದು ನಾಲ್ಕು ಕ್ವಾರ್ಟರ್‌ನ ಸರಣಿ, ಸೆಮಿಸ್ಟರ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮೂರು. ಇಲ್ಲೊಂದು ಅಲ್ಲೊಂದು ಓದಿದರೆ ಮಧ್ಯದ ಪಾಠ ಯಾವುದೋ ತಪ್ಪಿಹೋಗುತ್ತೆ, ಅಥವಾ ಎರಡು ಸಲ ಬರುತ್ತೆ. ಎರಡು ಸಲ ಬಂದ ಪಾಠಕ್ಕೆ ಎರಡು ಸಲ ಕ್ರೆಡಿಟ್ ಯಾರೂ ಕೊಡಲ್ಲ. ನಿನಗೆ ಎಷ್ಟರ ಮಟ್ಟಿಗೆ ಬೇಕೋ ಅಷ್ಟನ್ನು ಒಂದೇ ಕಾಲೇಜಿನಲ್ಲಿ ಓದಿ ಮುಗಿಸು. ಇದೇ ನಿಯಮ ನಿನ್ನ ತಮ್ಮನಿಗೂ ಹೇಳು. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ 3 ಅಥವಾ ಅದಕ್ಕಿಂತ ಜಾಸ್ತಿ ತೆಗೆದರೆ ಯುಸಿ ಯೂನಿಟ್ ಕೊಡುತ್ತೆ, ಆದರೆ ಅದೇ ಕ್ಯಾಲ್ಕುಲಸ್‌ನ್ನು ಮತ್ತೆ ಕಾಲೇಜಿನಲ್ಲಿ ಓದಿದರೆ ಒಂದಕ್ಕೆ ಮಾತ್ರ ಬೆಲೆ.

ಜನರಲ್ ಎಜುಕೇಶನ್‌ಗೆ ನಿನ್ನದು ಕ್ಯಾಲ್-ಗೆಟ್ಸಿ. 2025ರ ಫಾಲ್‌ನಲ್ಲಿ ಸೇರಿದವರಿಂದ ಶುರುವಾಗಿದ್ದು, ಯುಸಿಗೂ ಸಿಎಸ್‌ಯುಗೂ ಒಂದೇ ಪಟ್ಟಿ, ಒಟ್ಟು 34 ಸೆಮಿಸ್ಟರ್ ಯೂನಿಟ್. ನಿನ್ನ ಅಕ್ಕ ಓದುವಾಗ ಇದ್ದದ್ದು ಐಜೆಟ್ಸಿ, ಅವಳ ಹಳೇ ಶೀಟ್ ಇಟ್ಟುಕೊಂಡು ಕ್ಲಾಸ್ ಆರಿಸಬೇಡ. ಪ್ರತಿ ಕ್ಲಾಸಿನಲ್ಲೂ ಸಿ ಬೇಕೇ ಬೇಕು, ಸಿ ಮೈನಸ್ ನಡೆಯಲ್ಲ. ಪಾಸ್/ನೋ ಪಾಸ್ ಅಂತ ತಗೊಂಡ ಕ್ಲಾಸುಗಳಿಗೂ ಯುಸಿಯಲ್ಲಿ ಮಿತಿ ಇದೆ, ನಿನ್ನ ಲೆಕ್ಕದಲ್ಲಿ 21 ಯೂನಿಟ್. ಮೇಜರ್ ಕೋರ್ಸನ್ನಂತೂ ಯಾವತ್ತೂ ಹಾಗೆ ತಗೋಬೇಡ.

ಹಾಗಂತ ಇಲ್ಲೇ ಯೂನಿಟ್ ಗುಡ್ಡೆ ಹಾಕಿ ಅಲ್ಲಿ ಫೀಸ್ ಉಳಿಸೋಣ ಅಂದುಕೊಂಡರೆ ಅದೂ ಆಗಲ್ಲ. ಕಮ್ಯುನಿಟಿ ಕಾಲೇಜಿನಿಂದ ಹೆಚ್ಚೆಂದರೆ 70 ಸೆಮಿಸ್ಟರ್ ಅಥವಾ 105 ಕ್ವಾರ್ಟರ್ ಯೂನಿಟ್ ಡಿಗ್ರಿಗೆ ಲೆಕ್ಕ. ಅದರ ಮೇಲೆ ಓದಿದ್ದು ವಿಷಯದ ಶರತ್ತು ಪೂರೈಸಬಹುದು, ಸಂಖ್ಯೆ ಕೂಡುವುದಿಲ್ಲ. ಕೊನೆಯ ಭಾಗವನ್ನಂತೂ ಡಿಗ್ರಿ ಕೊಡುವವರ ಹತ್ತಿರವೇ ಓದಬೇಕು. ಡೇವಿಸ್‌ನಲ್ಲಿ ಕಡೆಯ 45 ಯೂನಿಟ್‌ನಲ್ಲಿ 35 ಅಲ್ಲೇ ಆಗಬೇಕು, ಸಿಎಸ್‌ಯುನಲ್ಲಿ 30 ಸೆಮಿಸ್ಟರ್ ಯೂನಿಟ್, ಅದರಲ್ಲಿ 24 ಅಪ್ಪರ್ ಡಿವಿಷನ್ (ಮೂರು, ನಾಲ್ಕನೇ ವರ್ಷದ ಮಟ್ಟದ್ದು).

ಈಗ ಮೈಸೂರಿನ ವಿಷಯ. ನಿನಗೆ ಇಷ್ಟವಾಗದ ಮಾತು, ಆದರೂ ಹೇಳಲೇಬೇಕು. ಅಲ್ಲಿ ಓದಿದ ಒಂದು ವರ್ಷದ ಬಿಕಾಂ "ಸುಮ್ನೆ ಬಿಟ್ಟುಬಿಡ್ತೀನಿ, ಮಾರ್ಕ್ಸ್ ಬೇರೆ ಚೆನ್ನಾಗಿಲ್ಲ" ಅಂದೆಯಲ್ಲ, ಹಾಗೆ ಬಿಡಲು ಬರುವುದಿಲ್ಲ. ಹೈಸ್ಕೂಲ್ ಮುಗಿದ ಮೇಲೆ ಓದಿದ ಪ್ರತಿಯೊಂದು ಕಾಲೇಜನ್ನೂ ಯುಸಿ ಅರ್ಜಿಯಲ್ಲಿ ತೋರಿಸಬೇಕು, ಯಾವ ದೇಶದ್ದೇ ಆಗಿರಲಿ. ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದರೆ ಸಿಕ್ಕ ಸೀಟೂ ಹೋಗುತ್ತೆ. ಕ್ಯಾಲ್-ಗೆಟ್ಸಿಗೆ ಆ ಕೋರ್ಸುಗಳು ಸೇರುವುದಿಲ್ಲ, ಅದು ಅಮೆರಿಕದ ಮಾನ್ಯತೆ ಪಡೆದ ಕಾಲೇಜುಗಳಿಗೆ ಮಾತ್ರ. ಆದರೆ ಅಕೌಂಟ್ಸ್‌ನಂಥ ಪೇಪರಿಗೆ ಯುನಿವರ್ಸಿಟಿಯವರು ತಾವೇ ನೋಡಿ ಏನಾದರೂ ಕೊಡಬಹುದು. ಕೊಟ್ಟರೆ ಲಾಭ, ಕೊಡದಿದ್ದರೆ ನಷ್ಟವಿಲ್ಲ. ನಿನ್ನ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿಯಲ್ಲಿ ಕ್ರೆಡಿಟ್ ಜಮಾ ಆಗಿದೆ ಅಂತ ಅಪ್ಪ ಹೇಳುತ್ತಿದ್ದರು. ಅದು ಭಾರತದ ಒಳಗಿನ ವ್ಯವಸ್ಥೆ, ಇಲ್ಲಿಗೆ ತಾನಾಗಿ ಬಂದು ಸೇರುವುದಿಲ್ಲ. ಬೇಕಾಗಿರುವುದು ಯುನಿವರ್ಸಿಟಿಯೇ ಕೊಡುವ ಟ್ರಾನ್ಸ್‌ಕ್ರಿಪ್ಟ್. ತಾತ ಹೇಗೂ ಸರಸ್ವತಿಪುರಂನಲ್ಲೇ ಇದ್ದಾರೆ, ಒಂದು ಸಲ ಯುನಿವರ್ಸಿಟಿ ಕಚೇರಿ ಇರುವ ಕ್ರಾಫರ್ಡ್ ಹಾಲ್‌ಗೆ ಹೋಗಿ ವಿಚಾರಿಸಲು ಹೇಳು. ಈಗಲೇ ಹೇಳು, ನವೆಂಬರ್‌ನಲ್ಲಿ ಓಡಾಡಿಸಬೇಡ. ಜೊತೆಗೆ ಪ್ರತಿ ಪೇಪರಿನ ಸಿಲಬಸ್ ಕೂಡ ತರಿಸು. ಬರೀ ಪೇಪರಿನ ಹೆಸರು ನೋಡಿ ನಮ್ಮಂಥವರು ಏನೂ ತೀರ್ಮಾನ ಮಾಡಲಾಗದು, ಯಾವ ಅಧ್ಯಾಯ, ಎಷ್ಟು ಗಂಟೆ ಅಂತ ಕಾಣಬೇಕು. (ಕೆಲವು ಕಡೆ ಬಿಎಗೆ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಕೇಳುತ್ತಾರೆ. ನಿನ್ನ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್ ಕಾರ್ಡಿನಲ್ಲಿ ಕನ್ನಡ ಇದೆ. ಇದಕ್ಕೆ ನಡೆಯುತ್ತಾ ಅಂತ ಕೇಳೋದರಲ್ಲಿ ತಪ್ಪೇನಿಲ್ಲ.)

ನಿನ್ನ ಅಮ್ಮ ಫಾರ್ವರ್ಡ್ ಮಾಡಿದ್ದ ಆ ಜಾಹೀರಾತು, ತಿಂಗಳಿಗೆ ಇಷ್ಟು ಡಾಲರ್ ಕೊಟ್ಟರೆ ಮನೆಯಲ್ಲೇ ಕೂತು ಕಾಲೇಜ್ ಕ್ರೆಡಿಟ್ ಅನ್ನೋದು, ನಿನಗೆ ಬೇಡ. ಅಂಥದ್ದನ್ನು ಒಪ್ಪುವ ಕಾಲೇಜುಗಳೂ ಇವೆ, ನೀನು ಹೋಗಬೇಕಾದ ಕಡೆ ಒಪ್ಪುತ್ತಾರಾ ಅನ್ನುವುದು ಪ್ರಶ್ನೆ. ಕ್ಲಾಸಿಗೆ ಹೋಗದೆ ಪರೀಕ್ಷೆ ಬರೆದೇ ಕ್ರೆಡಿಟ್ ಗಳಿಸುವ ಕ್ಲೆಪ್ ಅನ್ನೇ ತಗೋ. ಸಿಎಸ್‌ಯು ಅದಕ್ಕೆ ಕ್ರೆಡಿಟ್ ಕೊಡುತ್ತೆ, ಯುಸಿ ಕೊಡಲ್ಲ. ಒಂದೇ ರಾಜ್ಯ, ಎರಡೂ ಸರ್ಕಾರಿ ವ್ಯವಸ್ಥೆ, ಆದರೂ ಹೀಗೆ.

ಕ್ರೆಡಿಟ್ ಕಳೆದುಕೊಳ್ಳುವುದು ಅಪರೂಪದ ಸಂಗತಿ ಅಂದುಕೊಳ್ಳಬೇಡ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರವರೆಗೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು ಅನ್ನುವುದು ಅವರ ಅಂದಾಜು. ಲಾಭಕ್ಕಾಗಿ ನಡೆಸುವ ಖಾಸಗಿ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಬಂದವರದು ಶೇ. 94. ಅವರೂ ಫೀಸ್ ಕಟ್ಟಿ, ರಾತ್ರಿ ನಿದ್ದೆಗೆಟ್ಟು ಓದಿದವರೇ. ನಿನ್ನ ದಾರಿ ಅದಕ್ಕಿಂತ ಎಷ್ಟೋ ವಾಸಿ, ಕ್ಯಾಲಿಫೋರ್ನಿಯಾದಲ್ಲಿ ನಿಯಮ ಬರೆದಿಟ್ಟಿದ್ದಾರೆ, ಓದಿಕೊಳ್ಳುವ ತಾಳ್ಮೆ ಬೇಕು ಅಷ್ಟೇ. ಸ್ಯಾನ್ ಹೋಸೆ ಸ್ಟೇಟ್ ಕಡೆಯ ಯೋಚನೆ ಇದ್ದರೆ ಎಡಿಟಿ (ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್) ಅನ್ನುವ ಡಿಗ್ರಿಯ ಬಗ್ಗೆಯೂ ಕೇಳು. 2010ರ ಕಾನೂನಿನಿಂದ ಬಂದಿದ್ದು. ನಿನ್ನ ಕಾಲೇಜಿನಲ್ಲಿ 90 ಕ್ವಾರ್ಟರ್ ಯೂನಿಟ್‌ನ ಆ ಡಿಗ್ರಿ ಮುಗಿಸಿದರೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಕಡೆ ಜಾಗ ಖಚಿತ, ಅದೇ ದಾರಿಯಲ್ಲಿ ಇನ್ನು 60 ಸೆಮಿಸ್ಟರ್ ಯೂನಿಟ್ ಓದಿದರೆ ಬ್ಯಾಚುಲರ್ಸ್. ಇಂಥದ್ದೇ ಕ್ಯಾಂಪಸ್ ಅಂತ ಮಾತ್ರ ಗ್ಯಾರಂಟಿ ಇಲ್ಲ.

ಕೌನ್ಸೆಲರ್ ಹತ್ತಿರ ಹೋಗು, ಆದರೆ ಬರಿಗೈಯಲ್ಲಿ ಹೋಗಬೇಡ. ಅವರ ಕೈಯಲ್ಲಿರುವುದು ಅರ್ಧ ಗಂಟೆ. "ನಾನು ಏನು ತಗೋಬೇಕು" ಅಂತ ಕೇಳಿದರೆ ಏನೋ ಒಂದು ಹೇಳಿ ಕಳಿಸುತ್ತಾರೆ. ಅಸಿಸ್ಟ್ ಪಟ್ಟಿ ಮುಂದಿಟ್ಟು, "ಈ ಸಾಲಿಗೆ ಈ ಕ್ಲಾಸು, ಸರಿಯಾ?" ಅಂತ ಒಂದೊಂದೇ ಕೇಳು. ಅವರು ಹೇಳಿದ್ದನ್ನು ಅವತ್ತೇ ಸಂಜೆ ಇಮೇಲ್ ಮಾಡಿ, "ಹೀಗೆ ಮಾತಾಡಿಕೊಂಡೆವು, ತಪ್ಪಿದ್ದರೆ ತಿಳಿಸಿ" ಅಂತ ಬರಿ. ನಿನ್ನ ವಯಸ್ಸಿನವರಿಗೆ ಇದು ನಾಚಿಕೆ ಅನ್ನಿಸಬಹುದು. ಅನ್ನಿಸಲಿ.

ಸಮ್ಮರ್ ಕ್ಲಾಸಿನ ವಿಷಯ ಈ ವಾರವೇ ಆಗಬೇಕು. ಭಾನುವಾರ ಬೆಳಿಗ್ಗೆ ಕಾಲ್ ಮಾಡುತ್ತೇನೆ, ಎರಡೂ ಪಟ್ಟಿ ಇಟ್ಟುಕೊಂಡು ಕೂತಿರು. ಅತ್ತೆ ನಿನಗೆ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಬಂದಾಗ ತಗೊಂಡು ಹೋಗು.

ಇಂತಿ,
ನಿನ್ನ ಮಾವ