ಭಾನುವಾರ ಬರುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ದೇವರು ಒಬ್ಬನೇ ಎಂಬ ಮಾತು ಮೊದಲು ಪ್ರಾಚೀನ ಪರ್ಷಿಯಾದ (ಇರಾನ್) ಪ್ರವಾದಿ ಜರತುಷ್ಟ್ರನದೋ ಯೆಹೂದಿಗಳದೋ ಅಂತ ನಿನ್ನೆ ನಮ್ಮ ಗುಂಪಿನಲ್ಲಿ ಜಗಳ ಜಾಸ್ತಿ ಆಯಿತು. ಸುಮ್ನೆ ಫಾರ್ವರ್ಡ್ ಹಾಕಬೇಡಿ. ಬೈಬಲ್‌ನ ಯೆಶಾಯ (ಯೆಹೂದಿ ಪ್ರವಾದಿಯ ಪುಸ್ತಕ) 45ನೇ ಅಧ್ಯಾಯ ಓದಿ ಬನ್ನಿ, ಚಿಕ್ಕದು.

ಅಲ್ಲಿ ಬರುವ ಕೋರೆಷ ಬೇರೆ ಯಾರೂ ಅಲ್ಲ, ಪರ್ಷಿಯಾದ ದೊರೆ ಸೈರಸ್. ಕ್ರಿ.ಪೂ. 539ರಲ್ಲಿ ಬ್ಯಾಬಿಲೋನ್ ಗೆದ್ದವನು. ಪರದೇಶಿ ರಾಜನನ್ನು ದೇವರೇ ಅಭಿಷೇಕಿಸಿದ ಎನ್ನುತ್ತದೆ ಗ್ರಂಥ! 7ನೇ ವಚನ ಮರೆಯಬೇಡಿ: ಬೆಳಕು, ಕತ್ತಲೆ ಎರಡನ್ನೂ ಮಾಡಿದವನು ನಾನೇ ಎನ್ನುತ್ತಾನೆ ದೇವರು. ಜರತುಷ್ಟ್ರ ಧರ್ಮದಲ್ಲಿ ಹಾಗಲ್ಲ, ಒಳಿತಿನ ದೇವರು ಅಹುರ ಮಜ್ದನಿಗೆ ಕೆಡುಕಿನ ಶಕ್ತಿ ಅಂಗ್ರ ಮೈನ್ಯು ಎದುರಾಳಿ. ಹಾಗಾದರೆ ಇದು ಪರ್ಷಿಯನ್ನರಿಗೆ ಕೊಟ್ಟ ಉತ್ತರವೇ? ಕೆಲವು ವಿದ್ವಾಂಸರು ಹೌದು ಅನ್ನುತ್ತಾರೆ. ನನಗಂತೂ ಅನುಮಾನ. ಬ್ಯಾಬಿಲೋನ್‌ನ ಮಣ್ಣಿನ ಶಾಸನದಲ್ಲಿ ಸೈರಸ್ ಹೊಗಳಿದ್ದು ಅಲ್ಲಿನ ಮರ್ದುಕ್ ದೇವರನ್ನು, ಅಹುರ ಮಜ್ದನನ್ನಲ್ಲ, ಅಲ್ವಾ?