ಹಾಲ್ ಟಿಕೆಟ್ ಇದ್ದ ಮಕ್ಕಳನ್ನು ಗಡಿಯಲ್ಲಿ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಈ ತಿಂಗಳ, ಅಂದ್ರೆ 2021ರ ಆಗಸ್ಟ್ 28 ಮತ್ತು 29ಕ್ಕೆ (ಶನಿವಾರ, ಭಾನುವಾರ) ಇಂಜಿನಿಯರಿಂಗ್ ಮುಂತಾದ ಕೋರ್ಸಿಗೆ ಸೇರ್ಲಿಕ್ಕೆ ಬರೆಯುವ ಕರ್ನಾಟಕದ ಸಿಇಟಿ ಉಂಟು, ಸೋಮವಾರ 30ಕ್ಕೆ ಹೊರನಾಡು ಮತ್ತು ಗಡಿನಾಡು ಕನ್ನಡಿಗ ಮಕ್ಕಳಿಗೆ ಅಂತ ಬೇರೆಯೇ ಒಂದು ಕನ್ನಡ ಪರೀಕ್ಷೆ. ಕೇರಳದಲ್ಲಿರುವ ನಮ್ಮ ಕಾಸರಗೋಡು ಕಡೆಯಿಂದ ಗಡಿ ದಾಟಿ ಮಂಗಳೂರಿಗೆ ಹೋಗಿ ಬರೆಯುವ ಮಕ್ಕಳು ಸುಮಾರು ಜನ ಇದ್ದಾರೆ. ಫಿಸಿಕ್ಸ್ ರಿವಿಜನ್ ಆಯ್ತಾ ಅಂತ ಈಗ ಯಾರೂ ಕೇಳುವುದಿಲ್ಲ, ಎಲ್ಲರೂ ಕೇಳುವುದು ಒಂದೇ, ಕೊರೋನಾ ಟೆಸ್ಟಿಗೆ ಯಾವತ್ತು ಕೊಡುವುದು ಅಂತ.

ಈ 2021ರ ಆಗಸ್ಟ್ ಸುರುವಿನಿಂದ ಕೇರಳದಿಂದ ಆಚೆ ಕರ್ನಾಟಕಕ್ಕೆ ಹೋಗುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ (ಕೊರೋನಾ ಟೆಸ್ಟ್) ನೆಗೆಟಿವ್ ರಿಪೋರ್ಟ್ ಬೇಕು, ವ್ಯಾಕ್ಸಿನ್ ಆಗಿದ್ರೂ ಬೇಕು. ನೀವೇ ಸ್ವಲ್ಪ ಲೆಕ್ಕ ಹಾಕಿ ನೋಡಿ. ಗುರುವಾರ ಬೆಳಿಗ್ಗೆ 10 ಗಂಟೆಗೆ ಮೂಗಿಗೆ ಕಡ್ಡಿ ಹಾಕಿಸಿಕೊಂಡ್ರೆ ರಿಪೋರ್ಟ್ ಬರುವಾಗ ಶುಕ್ರವಾರ ಸಂಜೆ ಆಗ್ತದೆ, ಅಲ್ಲಿಗೆ ಮೂವತ್ತು ಗಂಟೆ ಫೋನ್ ನೋಡುವುದರಲ್ಲೇ ಹೋಯ್ತು. ಶನಿವಾರ ಹೋಗಿ ಬಯಾಲಜಿ, ಮ್ಯಾಥ್ಸ್ ಬರೆದು ಬರಬಹುದು. ಭಾನುವಾರ ಬೆಳಿಗ್ಗೆ 10ರ ಒಳಗೆ ಗಡಿಯ ಗೇಟ್ ದಾಟಿದ್ರೆ ಫಿಸಿಕ್ಸ್, ಕೆಮಿಸ್ಟ್ರಿನೂ ಬರೆಯಬಹುದು. ಸೋಮವಾರ ಕನ್ನಡ ಪರೀಕ್ಷೆಗೆ ಹೋಗುವಾಗ ಆ ಕಾಗದಕ್ಕೆ ಬೆಲೆ ಇಲ್ಲ! ಹಾಗಾದ್ರೆ ಶುಕ್ರವಾರ ಟೆಸ್ಟ್ ಮಾಡಿಸುವ ಅಂದ್ರೆ ಶನಿವಾರ ಬೆಳಿಗ್ಗೆ ರಿಪೋರ್ಟ್ ಬರ್ತದೆ ಅಂತ ಗ್ಯಾರಂಟಿ ಯಾರು ಕೊಡ್ತಾರೆ. ಶನಿವಾರ ಎರಡು ಪೇಪರ್ ಬರೆದು ಸಂಜೆ ಊರಿಗೆ ಬಂದ ಮೇಲೆ ಇನ್ನೊಂದು ಸಲ ಕೊಡುವ ಅಂದ್ರೆ ಆ ಹೊತ್ತಿಗೆ ಟೆಸ್ಟಿನ ಕ್ಯಾಂಪ್ ಮುಚ್ಚಿ ಆಗಿರ್ತದೆ. ಉಳಿದದ್ದು ಮಂಗಳೂರಿನಲ್ಲಿ ಮೂರು ದಿನ ಲಾಡ್ಜ್ ಮಾಡಿ ಕೂತುಕೊಳ್ಳುವುದು. ಮಗಳನ್ನು ಒಬ್ಬಳೇ ಕಳಿಸ್ಲಿಕ್ಕೆ ಆಗ್ತದಾ, ಅಪ್ಪನೋ ಅಮ್ಮನೋ ಜೊತೆಗೆ ಹೋಗ್ಬೇಕು, ಅವರಿಗೂ ಟೆಸ್ಟ್, ಪ್ರೈವೇಟ್ ಲ್ಯಾಬಾದ್ರೆ ತಲೆಗೆ 500 ರೂಪಾಯಿ. ಇದರ ಮೇಲೆ ಓಣಂಗೆ ಅಂತ ಬಿಟ್ಟ ಭಾನುವಾರದ ಲಾಕ್‌ಡೌನ್ 29ಕ್ಕೆ ವಾಪಸ್ ಬಂತು ಅಂತಾದ್ರೆ ಗಡಿಯ ತಲಪಾಡಿವರೆಗೆ ಹೋಗ್ಲಿಕ್ಕೂ ಬಸ್ಸಿಲ್ಲ. ಮಾಮೂಲಿ ದಿನದಲ್ಲೇ ಈಚೆ ಬಸ್ ಇಳಿದು ಗೇಟ್ ತನಕ ನಡೆದು ಆಚೆ ಇನ್ನೊಂದು ಬಸ್ ಹಿಡಿಯುವುದು ನಮ್ಮ ಈಗಿನ ಕತೆ.

ನಾನು ಪೆರ್ಲದ ಹತ್ತಿರ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬಿಸುವ ಸಣ್ಣ ಅಂಗಡಿ ಇಟ್ಟುಕೊಂಡವ. ಪ್ಲಸ್ ಟು (ಕರ್ನಾಟಕದ ಪಿಯುಸಿ ಇದ್ದ ಹಾಗೆ) ರಿಸಲ್ಟ್ ಜುಲೈ 28ಕ್ಕೆ ಬಂದದ್ದೇ ತಡ ಅಂಗಡಿ ಎದುರು ಮಕ್ಕಳು, ತಂದೆ ತಾಯಂದಿರು, ಹೆಚ್ಚಿನವರ ಕೈಯಲ್ಲಿ ಒಂದೇ ಪ್ಲಾಸ್ಟಿಕ್ ಫೈಲು, ಅದರೊಳಗೆ ಎರಡು ರಾಜ್ಯದ ಅಡ್ಮಿಷನ್. ಕಣ್ಣೂರು ಯೂನಿವರ್ಸಿಟಿಯ ಸಿಂಗಲ್ ವಿಂಡೋ ಅರ್ಜಿ (ಹಲವು ಕಾಲೇಜಿಗೆ ಸೇರಿ ಒಂದೇ ಅರ್ಜಿ) ಒಂದು, ಮಂಗಳೂರು ಕಡೆಯ ಕಾಲೇಜಿಂದು ಇನ್ನೊಂದು, ಸೈನ್ಸಿನವರಿಗೆ ಸಿಇಟಿ, ನೀಟ್. ಸಾರಡ್ಕದ ಗಡಿ ದಾಟಿದ್ರೆ ವಿಟ್ಲ, ಪುತ್ತೂರು, ಕಾಸರಗೋಡು ಪೇಟೆಗೆ ಹೋಗುವುದಕ್ಕಿಂತ ಪುತ್ತೂರಿಗೆ ಹೋಗುವುದೇ ನಮಗೆ ಮೊದಲಿಂದ ಅಭ್ಯಾಸ, ಸಂಬಂಧ, ವ್ಯಾಪಾರ, ಆಸ್ಪತ್ರೆ ಎಲ್ಲಾ ಆಚೆಯೇ. ಕನ್ನಡದಲ್ಲಿ ಮುಂದೆ ಓದ್ಬೇಕು ಅಂತ ಇದ್ದವರಿಗೆ ಕಾಸರಗೋಡು ಸರಕಾರಿ ಕಾಲೇಜು ಉಂಟು, ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ಎಲ್ಲರಿಗೂ ಅಲ್ಲಿ ಸೀಟ್ ಸಿಗ್ಬೇಕಲ್ಲ, ಬೇಕಾದ ಕೋರ್ಸೂ ಇರ್ಬೇಕಲ್ಲ.

ಈ ಬ್ಯಾಚಿನ ಮಕ್ಕಳ ಪಾಡು ಹೇಳಿದ್ರೆ ಮುಗಿಯುವುದಿಲ್ಲ. ಪ್ಲಸ್ ವನ್ ಪರೀಕ್ಷೆ ಬರೀತಾ ಇರುವಾಗಲೇ 2020ರ ಮಾರ್ಚಿನಲ್ಲಿ ಲಾಕ್‌ಡೌನ್, ಉಳಿದ ಪೇಪರ್ ಮೇ ಕೊನೆಗೆ. ಪ್ಲಸ್ ಟು ಕ್ಲಾಸ್ ಜೂನ್ 1ರಿಂದ ಟಿವಿ, ಮೊಬೈಲಿನಲ್ಲಿ, ರೇಂಜ್ ಸಿಗದ ಕಡೆ ಮಕ್ಕಳು ಗುಡ್ಡೆ ಮೇಲೆ ಕೊಡೆ ಹಿಡಿದು ಕೂತದ್ದು. ಈ ಜನವರಿಯಲ್ಲಿ ಸ್ವಲ್ಪ ದಿನ ಶಾಲೆ ಮುಖ ನೋಡಿದ್ರು, ಏಪ್ರಿಲಿನಲ್ಲಿ ಮಾಸ್ಕ್ ಹಾಕಿ ಪರೀಕ್ಷೆ, ಪ್ರಾಕ್ಟಿಕಲ್ ಜುಲೈ ತನಕ ಎಳೆಯಿತು. ಆಚೆ ಕರ್ನಾಟಕದಲ್ಲಿ ಪಿಯುಸಿ ಪರೀಕ್ಷೆಯೇ ಕ್ಯಾನ್ಸಲ್, ಎಲ್ಲರೂ ಪಾಸ್, 600ಕ್ಕೆ 600 ಬಂದವರೇ 2,239 ಮಂದಿ. ಆ ಮಕ್ಕಳ ತಪ್ಪಲ್ಲ ಅದು. ನಮ್ಮವರಿಗೂ ಫೋಕಸ್ ಏರಿಯಾ (ಒತ್ತು ಕೊಟ್ಟು ಓದಬೇಕಾದ ಪಾಠ ಇಂತಿಂಥದ್ದು ಅಂತ ಮೊದಲೇ ಹೇಳುವುದು), ಎಕ್ಸ್‌ಟ್ರಾ ಚಾಯ್ಸ್ ಅಂತ ಅನುಕೂಲ ಆಗಿದೆ, ಸುಳ್ಳು ಯಾಕೆ ಹೇಳ್ಬೇಕು. ಆದ್ರೆ ಡಿಗ್ರಿ ಮೆರಿಟ್ ಲಿಸ್ಟಿನಲ್ಲಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವಾಗ ಯಾರು ಹಿಂದೆ ಬೀಳ್ತಾರೆ ಅಂತ ಗೊತ್ತಾಗ್ತದೆ. ಸಿಇಟಿಗೆ ಈ ವರ್ಷ ಪಿಯು ಮಾರ್ಕ್ ಸೇರಿಸುವುದಿಲ್ಲ, ಸಿಇಟಿ ಮಾರ್ಕೇ ಲೆಕ್ಕ ಅಂದಿದ್ದಾರೆ. ಹಾಗಾಗಿ ನಮ್ಮ ಮಕ್ಕಳಿಗೆ ಸಮಸಮ ಇರುವ ಜಾಗ ಅದೊಂದೇ, ಆ ಹಾಲಿಗೆ ತಲುಪ್ಲಿಕ್ಕೇ ಇಷ್ಟು ಕಷ್ಟ.

ಇನ್ನು ಆ 30ನೇ ತಾರೀಕಿನ ಪರೀಕ್ಷೆ. ಒಂದರಿಂದ ಹತ್ತರವರೆಗೆ ಕೇರಳದ ಶಾಲೆಯಲ್ಲಿ ಕನ್ನಡ ಮೀಡಿಯಮಿನಲ್ಲೇ ಕಲಿತ ಹುಡುಗಿ ತನಗೆ ಕನ್ನಡ ಬರ್ತದೆ ಅಂತ ತೋರಿಸ್ಲಿಕ್ಕೆ ನಾಲ್ಕನೇ ಕ್ಲಾಸ್ ಮಟ್ಟದ 50 ಮಾರ್ಕಿನ ಪೇಪರ್ ಬರೀಬೇಕು, 12 ಬಂದ್ರೆ ಸಾಕು. ಪರೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ, ಗಡಿನಾಡಿನವರ ಹೆಸರಲ್ಲಿ ಯಾರ್ಯಾರೋ ನುಗ್ಗಬಾರದಲ್ಲ. ಆದ್ರೆ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಕನ್ನಡ ಅಂತ ಇದ್ದವರಿಗೆ ಈ ಮಹಾಮಾರಿ ವರ್ಷದಲ್ಲಾದ್ರೂ ಆ ಕಾರ್ಡೇ ಸಾಕು ಅಂತ ಮಾಡಿದ್ರೆ ಒಂದು ದಿನದ ಪ್ರಯಾಣ, ಒಂದು ಟೆಸ್ಟ್ ಉಳೀತದೆ. ಸೆಂಟರ್ ಮಂಗಳೂರಿನಲ್ಲೂ ಉಂಟು, ಬೆಂಗಳೂರಿಗೇ ಓಡ್ಬೇಕಾಗಿಲ್ಲ, ಅಷ್ಟು ಸಮಾಧಾನ.

ಡಿಗ್ರಿಯವರದ್ದು ಬೇರೆಯೇ ರಗಳೆ. ದಿನಾ ಹೋಗಿ ಬರುವ ವಿದ್ಯಾರ್ಥಿಗಳಿಗೆ 15 ದಿನಕ್ಕೊಮ್ಮೆ ಟೆಸ್ಟ್ ಅಂತ ನಿಯಮ ಉಂಟು, ಸರಿ. ಅಡ್ಮಿಷನ್ ಆಗದವ ವಿದ್ಯಾರ್ಥಿಯೇ ಅಲ್ವಲ್ಲ, ಅವನ ಹತ್ರ ಐಡಿ ಕಾರ್ಡ್ ಎಲ್ಲಿಂದ. ಅರ್ಜಿ ಕೊಡ್ಲಿಕ್ಕೆ ಒಂದು ದಿನ, ಡಾಕ್ಯುಮೆಂಟ್ ತೋರಿಸ್ಲಿಕ್ಕೆ ಒಂದು ದಿನ, ಫೀಸ್ ಕಟ್ಟಿ ಸೈನ್ ಹಾಕ್ಲಿಕ್ಕೆ ಮತ್ತೊಂದು ದಿನ, ಪ್ರತಿ ಸಲ ಹೊಸ ಸರ್ಟಿಫಿಕೇಟ್. ಬೇರೆ ಬೋರ್ಡಿನವರಾದ್ದರಿಂದ ಮೈಗ್ರೇಶನ್, ಎಲಿಜಿಬಿಲಿಟಿ ಅಂತ ಕಾಗದ ಬೇರೆ. ಮೊನ್ನೆ ಅಂಗಡಿಗೆ ಬಂದ ಒಬ್ರು ಅಮ್ಮ ಹೇಳಿದ್ದು, ಆಚೆಯ ಒಂದು ಕಾಲೇಜಿನಲ್ಲಿ ಒರಿಜಿನಲ್ ಮಾರ್ಕ್ ಕಾರ್ಡ್ ಇಟ್ಟುಕೊಂಡಿದ್ದಾರಂತೆ, ಈಗ ಕಣ್ಣೂರಿನ ಅಲಾಟ್‌ಮೆಂಟ್‌ನಲ್ಲಿ ಒಳ್ಳೆ ಸೀಟ್ ಬಂದ್ರೆ ಅದನ್ನು ತರ್ಲಿಕ್ಕೆ ಮತ್ತೆ ಟೆಸ್ಟ್ ಮಾಡಿಸಿ ಹೋಗ್ಬೇಕು. "ಇದ್ರ ಬದ್ಲು ನಮ್ಮ ಗೇರುಬೀಜ ಆಚೆ ಸಲೀಸಾಗಿ ಹೋಗ್ತದೆ ಅಣ್ಣಾ" ಅಂದ್ರು, ಲಾರಿಗೆ ತಡೆ ಇಲ್ವಲ್ಲ.

ಹೆತ್ತವರು ಇದನ್ನು ತಿಳ್ಕೊಂಡಿರಿ, ಒರಿಜಿನಲ್ ನೋಡಿ ವಾಪಸ್ ಕೊಡ್ಬೇಕು, ಇಟ್ಟುಕೊಳ್ಳಬಾರದು ಅಂತ ಕಾಲೇಜು, ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿ 2018ರಲ್ಲೇ ಹೇಳಿದೆ. ಈ ವರ್ಷ (2021) ಅಕ್ಟೋಬರ್ 31ರ ಒಳಗೆ ಅಡ್ಮಿಷನ್ ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ಫೀಸ್ ವಾಪಸ್ ಕೊಡ್ಬೇಕು ಅಂತಲೂ ಹೇಳಿದೆ. ಹೆದರಿಕೊಂಡು ಒಂದೇ ಕಡೆ ಅರ್ಜಿ ಹಾಕಿ ಸುಮ್ಮನೆ ಕೂರ್ಬೇಡಿ, ಎರಡೂ ಕಡೆ ಹಾಕಿ, ಕೊಟ್ಟ ಪ್ರತಿಯೊಂದು ಕಾಗದಕ್ಕೂ ರಶೀದಿ ಕೇಳಿ.

ದಕ್ಷಿಣ ಕನ್ನಡದವರ ಹೆದರಿಕೆ ನಮಗೆ ಅರ್ಥ ಆಗುವುದಿಲ್ಲ ಅಂತಲ್ಲ. ಕೇರಳದಲ್ಲಿ ದಿನಕ್ಕೆ 20 ಸಾವಿರ ಕೇಸ್ ದಾಟ್ತಾ ಇರುವಾಗ ಗೇಟ್ ಪೂರ್ತಿ ತೆರೆದು ಬಿಡಿ ಅಂತ ಯಾರೂ ಹೇಳ್ಲಿಕ್ಕಿಲ್ಲ. ಆದ್ರೆ ಹೋದ ವರ್ಷ ಇದೇ ಸಿಇಟಿಗೆ ಕೊರೋನಾ ಪಾಸಿಟಿವ್ ಇದ್ದ ಮಕ್ಕಳಿಗೆ ಕೋವಿಡ್ ಕೇರ್ ಸೆಂಟರಿನಲ್ಲಿ ಕೂರಿಸಿ ಪರೀಕ್ಷೆ ಬರೆಸಿದ್ದಾರೆ, ಒಳ್ಳೆ ಕೆಲಸ ಮಾಡಿದ್ರು. ಪಾಸಿಟಿವ್ ಇದ್ದವರಿಗೆ ದಾರಿ ಮಾಡ್ಲಿಕ್ಕೆ ಆಯ್ತು, ನೆಗೆಟಿವ್ ಇದ್ದು ಕಾಗದದ 72 ಗಂಟೆ ಸ್ವಲ್ಪ ಮೀರಿದವರಿಗೆ ಆಗುವುದಿಲ್ವಾ?

ಕೇಳುವುದು ಇಷ್ಟೇ. 28ರಿಂದ 30ರವರೆಗೆ ಹಾಲ್ ಟಿಕೆಟ್ ಇದ್ದ ಮಕ್ಕಳನ್ನು, ಜೊತೆಗೆ ಒಬ್ಬ ಹೆತ್ತವರನ್ನು, ಒಂದೇ ಟೆಸ್ಟ್ ರಿಪೋರ್ಟಿನಲ್ಲಿ ಮೂರೂ ದಿನ ಬಿಡಿ. ಬೇಕಾದ್ರೆ ತಲಪಾಡಿಯಲ್ಲೇ ರ‍್ಯಾಪಿಡ್ ಟೆಸ್ಟ್ ಮಾಡಿ. ತಲಪಾಡಿ ಒಂದೇ ಅಲ್ಲ, ಸಾರಡ್ಕ, ಜಾಲ್ಸೂರಿನ ಗೇಟಿಗೂ ಅದೇ ಆರ್ಡರ್ ತಲುಪ್ಬೇಕು, ಇಲ್ಲದಿದ್ರೆ ಮೇಲಿನವರು ಒಂದು ಹೇಳ್ತಾರೆ, ಗೇಟಿನಲ್ಲಿ ನಿಂತ ಪೊಲೀಸ್ನವರು ನಮಗೆ ಬರ್ಲಿಲ್ಲ ಅಂತಾರೆ. ಡಿಗ್ರಿ ಕಾಲೇಜಿನವರು ಕ್ಲಾಸ್ ಸುರುವಾಗುವವರೆಗೆ ಸ್ಕ್ಯಾನ್ ಕಾಪಿ ಇಮೇಲಿನಲ್ಲಿ ತಗೊಳ್ಳಿ. ನಮ್ಮ ಜಿಲ್ಲಾಡಳಿತವೂ ಸುಮ್ಮನೆ ಕೂರ್ಬಾರದು, ಗುರುವಾರ ಮಂಜೇಶ್ವರ, ಪೆರ್ಲ, ಮುಳ್ಳೇರಿಯದಲ್ಲಿ ಪರೀಕ್ಷೆಗೆ ಹೋಗುವ ಮಕ್ಕಳಿಗೆ ಅಂತಲೇ ಕ್ಯಾಂಪ್ ಇಟ್ಟು ರಿಪೋರ್ಟ್ ಬೇಗ ಕೊಡ್ಬೇಕು. ಓಣಂ ರಜೆಯಲ್ಲಿ ಮುಚ್ಚಿದ ವಿಲೇಜ್ ಆಫೀಸಿನಲ್ಲಿ ನಿಂತುಹೋದ ಸರ್ಟಿಫಿಕೇಟುಗಳಿಗೂ ಸ್ವಲ್ಪ ಚುರುಕು ಮುಟ್ಟಿಸ್ಲಿ.

ಆರ್ಡರ್ ಬುಧವಾರದೊಳಗೆ ಬಂದ್ರೆ ದೊಡ್ಡ ಉಪಕಾರ. ಶುಕ್ರವಾರ ಸಂಜೆ ಬಂದ್ರೆ ಅದರ ಜೆರಾಕ್ಸ್ ತೆಗೆದು ಅಂಗಡಿ ಗೋಡೆಗೆ ಅಂಟಿಸ್ಲಿಕ್ಕೆ ಮಾತ್ರ ಆಗ್ತದೆ.

ಇತಿ,
ಪೆರ್ಲದ ಒಬ್ಬ ಓದುಗ
ಕಾಸರಗೋಡು ಜಿಲ್ಲೆ