ಅಘನಾಶಿನಿ ಅಳಿವೆ: ಸಸಿ ನೆಡುವ ಮೊದಲು ನೀರಿನ ದಾರಿ ಸರಿಯಾಗಲಿ

ಮಾನ್ಯ ಸಂಪಾದಕರೇ,

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶಕ್ಕೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಮಾನ್ಯತೆ ದೊರೆತ ಮೇಲೆ ಅದರ ಪುನಶ್ಚೇತನದ ಮಾತು ಜಿಲ್ಲೆಯಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಇದು ಸಂತೋಷದ ವಿಷಯ. ಆದರೆ ಪುನಶ್ಚೇತನವೆಂದರೆ ಸಿಕ್ಕಲ್ಲೆಲ್ಲ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡುವುದು ಎಂದಷ್ಟೇ ತಿಳಿದರೆ ದುಡ್ಡೂ ಹೋಗುತ್ತದೆ, ಅಳಿವೆಯೂ ಕೆಡುತ್ತದೆ ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ. ಇಲ್ಲಿ ಮೊದಲು ಸರಿಯಾಗಬೇಕಾದದ್ದು ಭರತ–ಇಳಿತದ ನೀರು ಓಡಾಡುವ ದಾರಿ. ಗಿಡದ ಮಾತು ಅದರ ನಂತರದ್ದು.

ಘಟ್ಟದ ಮೇಲಿನ ಓದುಗರಿಗಾಗಿ ಗಜನಿಯ ಬಗ್ಗೆ ಸ್ವಲ್ಪ ಹೇಳಬೇಕು. ಅಳಿವೆಯ ಅಂಚಿನಲ್ಲಿ ಉಪ್ಪು ನೀರು ಏರುವ ತಗ್ಗು ಜಾಗಕ್ಕೆ ಹಿರಿಯರು ಮಣ್ಣಿನ ಒಡ್ಡು ಹಾಕಿ ಮಾಡಿಕೊಂಡ ಗದ್ದೆಗಳೇ ಗಜನಿಗಳು. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಇಲ್ಲಿ ಕಗ್ಗ ಭತ್ತ ಬಿತ್ತುತ್ತಿದ್ದರು. ನೆರೆಯಲ್ಲಿ ಕೆಲವು ದಿನ ಮುಳುಗಿದರೂ, ಬೇರಿಗೆ ಉಪ್ಪು ತಾಗಿದರೂ ತಾಳಿಕೊಳ್ಳುವ ತಳಿ ಅದು. ಕೊಯ್ಲು ಮುಗಿದ ಮೇಲೆ ಒಡ್ಡಿನ ಬಾಗಿಲು ತೆರೆದರೆ ಭರತದ ನೀರಿನ ಜೊತೆ ಸಿಗಡಿಯೂ ಮೀನುಮರಿಯೂ ಒಳಗೆ ಬಂದು, ಕೊಳೆಯುತ್ತಿರುವ ಕೂಳೆಯ ನಡುವೆ ಮೇದು ಬೆಳೆಯುತ್ತಿದ್ದವು. ಆ ಕೂಳೆಯೂ ಮೀನಿನ ಕಸವೂ ಮುಂದಿನ ಬೆಳೆಗೆ ಗೊಬ್ಬರವಾಗುತ್ತಿತ್ತು. ಒಡ್ಡಿನ ಹೊರಬದಿಗೆ ಕಾಂಡ್ಲಾ ಗಿಡಗಳನ್ನು ಬೆಳೆಯಬಿಟ್ಟದ್ದು ಅಲೆಯ ಹೊಡೆತಕ್ಕೆ ಮಣ್ಣು ಕುಸಿಯದಿರಲೆಂದು.

1970ರ ದಶಕದಲ್ಲಿ ಸರ್ಕಾರದ ಯೋಜನೆಯಡಿ ಕಲ್ಲಿನ ಕಾಯಂ ಒಡ್ಡುಗಳು ಬಂದವು. ಒಡ್ಡಿಗೆ ಕಲ್ಲೇ ಸಾಕೆನಿಸಿದ ಮೇಲೆ ಹೊರಗಿನ ಕಾಂಡ್ಲಾದ ಕಾಳಜಿ ಯಾರಿಗೂ ಉಳಿಯಲಿಲ್ಲ. ಆಮೇಲೆ 1990ರ ದಶಕದಲ್ಲಿ ಸಿಗಡಿ ಕೃಷಿ ಹಬ್ಬಿತು. ಭತ್ತ ಬೆಳೆಯುವವನಿಗೆ ಮಳೆಗಾಲದಲ್ಲಿ ಬಾಗಿಲು ಮುಚ್ಚಿರಬೇಕು, ಸಿಗಡಿಗೆ ಗುತ್ತಿಗೆ ಹಿಡಿದವನಿಗೆ ಅದೇ ಬಾಗಿಲು ತೆರೆದಿರಬೇಕು. ಈ ಜಗಳದಲ್ಲಿ ಎಷ್ಟೋ ಕಡೆ ಕಗ್ಗ ಸೋತಿತು. ಇಂದು ಒಡ್ಡಿನ ಮೇಲೆ ನಡೆದು ಹೋದರೆ ಇದರ ಫಲ ಕಣ್ಣಿಗೆ ಕಾಣುತ್ತದೆ. ಬಾಗಿಲಿನ ಹಲಗೆ ಇಳಿಸುವ ಕಲ್ಲಿನ ಕಚ್ಚು ಸವೆದಿದೆ, ಎರಡು ಹಲಗೆಗಳ ನಡುವೆ ತುಂಬಬೇಕಾದ ಜೇಡಿಮಣ್ಣು ಕರಗಿ ಹೋಗಿದೆ, ಸಂದಿಯಲ್ಲಿ ಬೇಡದ ಹೊತ್ತಿನಲ್ಲಿ ಉಪ್ಪು ನೀರು ಒಳಗೆ ಜಿನುಗುತ್ತದೆ, ಬೇಕಾದ ಹೊತ್ತಿನಲ್ಲಿ ಮಳೆನೀರು ಹೊರಗೆ ಹರಿಯುವುದಿಲ್ಲ. ಹೀಗೆ ಬಿದ್ದಿರುವ ಗಜನಿಗೆ ಸಸಿ ನೆಟ್ಟರೂ ಬದುಕದು, ಭತ್ತ ಬಿತ್ತಿದರೂ ಬಾರದು.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನಾವೆಲ್ಲ ಕಂಡಿದ್ದೇವೆ. ಒಡ್ಡು ಒಡೆದು ಭರತದ ನೀರು ದಿನವೂ ಬಂದುಹೋಗುವ ಹಾಳು ಗಜನಿಗಳಲ್ಲಿ, ಯಾರೂ ನೆಡದೆಯೇ ಕಾಂಡ್ಲಾ ಮತ್ತು ಅದರ ಬಳಗದ ಗಿಡಗಳು ದಟ್ಟವಾಗಿ ಎದ್ದಿವೆ. ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಉದ್ದನೆಯ ಕೋಡಿನಂತೆ ತೂಗಾಡಿ, ಬಿದ್ದ ಮೇಲೆ ನೀರಿನಲ್ಲಿ ತೇಲಿ, ಕೆಸರು ಸಿಕ್ಕಲ್ಲಿ ಬೇರೂರುತ್ತದೆ. ತಾಯಿಮರ ಹತ್ತಿರವಿದ್ದು ನೀರಿನ ಓಡಾಟ ಸರಿಯಿದ್ದರೆ ನರ್ಸರಿಯ ಖರ್ಚೇ ಬೇಕಿಲ್ಲ. ಆದರೆ ಇಲ್ಲಿ ರೈತನದೂ ಒಂದು ಭಯವಿದೆ, ಅದನ್ನು ಅಧಿಕಾರಿಗಳು ಕೇಳಿಸಿಕೊಳ್ಳಬೇಕು. ಕಾಂಡ್ಲಾ ಕಾಡನ್ನು ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅತ್ಯಂತ ಸೂಕ್ಷ್ಮ ವರ್ಗಕ್ಕೆ ಸೇರಿಸಿರುವುದರಿಂದ, ತನ್ನ ಖಾತೆಯ ಜಮೀನಿನಲ್ಲಿ ಅದು ಬೆಳೆದರೆ ಜಮೀನೇ ಕೈತಪ್ಪೀತು ಎಂದು ಹೆದರಿ, ಮೊಳಕೆಯಲ್ಲೇ ಕಿತ್ತು ಹಾಕುವವರಿದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಯಾವ ಗಜನಿ ಕಗ್ಗಕ್ಕೆ, ಯಾವುದು ಕಾಂಡ್ಲಾಕ್ಕೆ ಎಂದು ಊರವರೊಂದಿಗೆ ಕೂತು ಗುರುತಿಸಿ, ಕಾಡಿಗೆ ಬಿಟ್ಟುಕೊಟ್ಟ ಖಾತೆದಾರನಿಗೆ ವರ್ಷ ವರ್ಷವೂ ಪರಿಹಾರ ಸಿಗುವಂತೆ ಬರಹದಲ್ಲಿ ಭರವಸೆ ಕೊಟ್ಟರೆ ಆ ಭಯ ತಾನಾಗಿ ಕಡಿಮೆಯಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಬಯಲು ಕೆಸರಿನಲ್ಲಿ ಸಾಲು ಹಿಡಿದು ಸಸಿ ನೆಡುವ ಉತ್ಸಾಹ. ಇಳಿತದಲ್ಲಿ ತೆರೆದುಕೊಳ್ಳುವ ಆ ಬಯಲು ಬರಡು ಜಾಗವಲ್ಲ. ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದಲೇ ತಡಕಿ ಬಳಚು (ತಿನ್ನುವ ಚಿಪ್ಪುಮೀನು) ಹೆಕ್ಕಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುವುದು ಅಲ್ಲಿಯೇ. ದೂರ ದೇಶದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು ಕೊಕ್ಕು ಊರಿ ಹುಳ ಹುಡುಕುವುದೂ ಅಲ್ಲಿಯೇ. ರಾಮ್ಸರ್ ಮಾನ್ಯತೆಯ ವಿವರದಲ್ಲಿ ಈ ಅಳಿವೆ 66ಕ್ಕೂ ಹೆಚ್ಚು ಜಾತಿಯ, 43,000ಕ್ಕೂ ಮೀರಿದ ನೀರುಹಕ್ಕಿಗಳಿಗೆ ಆಸರೆ, 6,000ದಿಂದ 7,500 ಕುಟುಂಬಗಳಿಗೆ ಜೀವನಾಧಾರ ಎಂದಿದೆ. ಬೇರಿನ ಜಾಲ ಹೂಳನ್ನು ಹಿಡಿದು ಬಯಲನ್ನು ಎತ್ತರಿಸಿದರೆ ಬಳಚಿನ ನೆಲೆಯೂ ಹಕ್ಕಿಯ ಮೇವೂ ಒಟ್ಟಿಗೇ ಹೋಗುತ್ತವೆ. ನೆಟ್ಟ ಸಸಿಗಳ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸುವ ಪದ್ಧತಿ ಇರುವವರೆಗೆ ಈ ಅಪಾಯ ತಪ್ಪಿದ್ದಲ್ಲ, ಏಕೆಂದರೆ ತಕರಾರಿಲ್ಲದೆ ಸಿಗುವ ಜಾಗ ಅದೊಂದೇ.

ಅಳಿವೆಯ ಆರೋಗ್ಯ ಶಿರಸಿ–ಸಿದ್ದಾಪುರದ ಕಾಡಿನಲ್ಲೂ ಇದೆ. ಕಾಳಿಗೂ ಶರಾವತಿಗೂ ದೊಡ್ಡ ಅಣೆಕಟ್ಟುಗಳು ಬಂದಿವೆ, ಅಘನಾಶಿನಿ ಮಾತ್ರ ಶಿರಸಿಯಿಂದ ತದಡಿಯವರೆಗೆ ತಡೆಯಿಲ್ಲದೆ ಹರಿಯುತ್ತಿದೆ. ಮಳೆಗಾಲದಲ್ಲಿ ಸಿಹಿಯಾಗಿ ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪಾಗುವ ಈ ಏರಿಳಿತದ ಮೇಲೆಯೇ ಕಗ್ಗ, ಬಳಚು, ಸಿಗಡಿ ಎಲ್ಲವೂ ನಿಂತಿವೆ. ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಬಂದು ಬೀಳುವ ಶರಾವತಿ ಅಳಿವೆಯಲ್ಲಿ ಬಳಚು ಕ್ಷೀಣಿಸಿದ್ದನ್ನು ಹೊನ್ನಾವರದವರು ಬಲ್ಲರು. ಅಲ್ಲಿ ಸಿಹಿನೀರು ಹೆಚ್ಚಾಗಿ ಕೆಟ್ಟದ್ದು ಇಲ್ಲಿ ನೀರು ಕಡಿಮೆಯಾಗಿ ಕೆಡುವುದು ಬೇಡ. ಹೀಗಾಗಿ ನದಿಯ ನೀರನ್ನು ವೇದಾವತಿಯತ್ತ ತಿರುಗಿಸುವ ಪ್ರಸ್ತಾಪವನ್ನು ಕೈಬಿಡಬೇಕು. ಮೇಲಿನ ರಾಮಪತ್ರೆ ಜಡ್ಡಿಗಳೂ (ಜೌಗು ಕಾಡುಗಳೂ), 2011ರಲ್ಲಿ ಸಿಂಗಳೀಕಗಳಿಗಾಗಿ ಘೋಷಿಸಿದ ಸಂರಕ್ಷಿತ ಪ್ರದೇಶವೂ ಅಳಿವೆಯ ಯೋಜನೆಯೊಳಗೇ ಬರಬೇಕು. ಬೇಸಿಗೆಯ ತೊರೆಗೆ ನೀರು ಹಿಡಿದಿಡುವುದು ಆ ಕಾಡುಗಳೇ.

ಇನ್ನು ಹಣದ ವಿಚಾರ. ಮೊದಲ ಕಂತು ಒಡ್ಡಿನ ಬಾಗಿಲುಗಳ ದುರಸ್ತಿಗೂ, ಅವುಗಳನ್ನು ತೆರೆದು ಮುಚ್ಚುವ ಊರಿನ ಆಳಿನ ಸಂಬಳಕ್ಕೂ ಹೋಗಲಿ. ಮಾಣಿಕಟ್ಟೆಯಂಥ ಊರುಗಳಲ್ಲಿ ಇಂದಿಗೂ ಕಗ್ಗ ಬೆಳೆಯುತ್ತಿರುವವರ ಬೀಜಕ್ಕೆ ನ್ಯಾಯವಾದ ಬೆಲೆ ಸಿಗಲಿ. ಬಾಗಿಲು ಯಾವ ತಿಥಿಗೆ ತೆರೆಯಬೇಕು, ಎಷ್ಟು ನೀರು ಬಿಡಬೇಕು ಎಂಬ ತೀರ್ಮಾನ ಗುತ್ತಿಗೆದಾರನದಾಗದೆ ಗಜನಿಯ ರೈತರ ಮತ್ತು ಮೀನುಗಾರರ ಜಂಟಿ ಸಮಿತಿಯದಾಗಲಿ. ಆ ಸಮಿತಿಯಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಸ್ಥಾನವಿರಲೇಬೇಕು, ಏಕೆಂದರೆ ಬಯಲಿನ ಯಾವ ಭಾಗದಲ್ಲಿ ಹೂಳು ಏರಿದೆ, ಎಲ್ಲಿ ಮರಿ ಬಳಚು ಕೂತಿದೆ ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ನಿರ್ವಹಣಾ ಯೋಜನೆಯ ಕರಡನ್ನು ಕನ್ನಡದಲ್ಲಿ ಮುದ್ರಿಸಿ ಅಳಿವೆಯ ಸುತ್ತಲಿನ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಇಡಬೇಕೆಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ. ಅಹವಾಲು ಸಭೆಯನ್ನು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಡಬಾರದು. ಆಗ ಇಳಿತ ದೊಡ್ಡದಿರುವುದರಿಂದ ಬಳಚು ಹೆಕ್ಕುವವರೆಲ್ಲ ನೀರಿನಲ್ಲಿರುತ್ತಾರೆ. ಅಷ್ಟಮಿಯ ಹತ್ತಿರದ ದಿನಗಳಲ್ಲಿ, ತದಡಿಯಲ್ಲೋ ಮಿರ್ಜಾನಿನಲ್ಲೋ ಸಭೆ ಕರೆದರೆ ಅವರೂ ಬರಬಲ್ಲರು.

ತಮ್ಮ ವಿಶ್ವಾಸಿ,
ಗಜನಿ ರೈತ ಕುಟುಂಬದ ಒಬ್ಬ ಓದುಗ, ಕುಮಟಾ ತಾಲ್ಲೂಕು